ಕೆಳಗಿನಿಂದ ಕಂಡ ಮನುಷ್ಯ: ಪಾದುವಾದ ಒಂದು ಗೋಡೆಯ ಕಥೆ

ಫೋನನ್ನ ಮೊಣಕಾಲಿಗಿಂತ ಕೆಳಗೆ ಹಿಡಿದು, ಎದುರಿಗೆ ನಿಂತಿರೋ ಫ್ರೆಂಡ್‌ದು ಒಂದು ಫೋಟೋ ತೆಗೀರಿ. ಶೂ ದೊಡ್ಡದು, ಕಾಲು ಉದ್ದ, ತಲೆ ಚಿಕ್ಕದು. ಗಲ್ಲದ ಅಡಿಭಾಗ ಕಾಣತ್ತೆ, ಮೂಗಿನ ಹೊಳ್ಳೆ ಕಾಣತ್ತೆ. ಸಿನಿಮಾದಲ್ಲಿ ಹೀರೋ ಎಂಟ್ರಿಗೆ ಇಡೋದು ಇದೇ ಲೋ ಆಂಗಲ್. ಕ್ಯಾಮೆರಾಗೆ ಇದು ಕ್ಷಣದ ಕೆಲಸ. ಪೆನ್ಸಿಲ್ ಹಿಡಿದು ಕೂತರೆ ಮಾತ್ರ ಬೆವರು ಬರತ್ತೆ.

ಯಾಕಂದ್ರೆ ನಾವು ಕಂಡದ್ದನ್ನ ಬರೆಯಲ್ಲ, ಗೊತ್ತಿರೋದನ್ನ ಬರೀತೀವಿ. ತೊಡೆ ಉದ್ದ ಅಂತ ಗೊತ್ತು. ಆದರೆ ಕೂತವನೊಬ್ಬ ಕಾಲನ್ನ ನೇರ ನಮ್ಮ ಕಡೆ ಚಾಚಿದ್ರೆ, ಕಾಣೋದು ಪಾದ, ಅದರ ಹಿಂದೆ ಮಂಡಿ, ಅದರ ಹಿಂದೆ ಒಂದು ತುಂಡು ತೊಡೆ, ಅಷ್ಟೇ. ಆ ಉದ್ದವನ್ನ ಬಿಟ್ಟುಕೊಡೋಕೆ ಕೈ ಒಪ್ಪಲ್ಲ. ಹೀಗೆ ಅಂಗಾಂಗವನ್ನ ನೋಟಕ್ಕೆ ತಕ್ಕ ಹಾಗೆ ಮೊಟಕು ಮಾಡಿ ಬರೆಯೋದಕ್ಕೆ ಫೋರ್‌ಶಾರ್ಟನಿಂಗ್ ಅಂತಾರೆ. ಕೆಳಗಿನಿಂದ ಮೇಲಕ್ಕೆ ನೋಡಿದಂತೆ ಬರೆಯೋದು ಇದರಲ್ಲೇ ಕಷ್ಟದ ಭಾಗ.

ಇದನ್ನ ಗೋಡೆ ಮೇಲೆ ಹಠ ಹಿಡಿದು ಮಾಡಿದವನೊಬ್ಬ ಇಟಲಿಯ ಪಾದುವಾ ಊರಿನಲ್ಲಿದ್ದ. ಹೆಸರು ಆಂದ್ರೆಯಾ ಮಾಂತೆನ್ಯಾ, ಬಡಗಿಯ ಮಗ. 1448ರಲ್ಲಿ ಅಲ್ಲಿನ ಎರೆಮಿತಾನಿ ಚರ್ಚಿನೊಳಗಿನ ಒವೆತಾರಿ ಚಾಪೆಲ್‌ಗೆ ಚಿತ್ರ ಬರೆಯೋ ಕಾಂಟ್ರಾಕ್ಟ್ ಆಯ್ತು. ಆಗ ಈ ಹುಡುಗನ ವಯಸ್ಸು ಹೆಚ್ಚುಕಮ್ಮಿ 17. ಕೆಲಸ ಒಬ್ಬನಿಗೇ ಸಿಕ್ಕಿದ್ದಲ್ಲ, ಬೇರೆ ಕಲಾವಿದರೂ ಪಾಲುದಾರರು. ಅವರಲ್ಲಿ ಒಬ್ಬ 1450ರಲ್ಲಿ ತೀರಿಕೊಂಡ, ಇನ್ನೊಬ್ಬ ಕೆಲಸ ಬಿಟ್ಟುಹೋದ, ಮತ್ತೊಬ್ಬ 1453ರಲ್ಲಿ ಜಗಳವೊಂದರಲ್ಲಿ ಸತ್ತ. ಹೀಗೆ ಗೋಡೆಯ ಬಹುಪಾಲು ಮಾಂತೆನ್ಯಾ ಕೈಗೆ ಬಂತು.

ಆ ಹೊತ್ತಿಗೆ ಪರ್ಸ್ಪೆಕ್ಟಿವ್ ಅನ್ನೋದು ಹೊಸ ವಿದ್ಯೆ. 1435ರಲ್ಲಿ ಆಲ್ಬರ್ಟಿ ಅನ್ನೋ ವಿದ್ವಾಂಸ ಚಿತ್ರಕಲೆ ಬಗ್ಗೆ ಪುಸ್ತಕ ಬರೆದು, ನೋಡುವವನ ಕಣ್ಣಿನ ಮಟ್ಟವನ್ನ ಚಿತ್ರದೊಳಗಿನ ಮನುಷ್ಯನ ಎತ್ತರಕ್ಕಿಂತ ಮೇಲೆ ಇಡಬೇಡಿ ಅಂದಿದ್ದ. ಆ ಮಟ್ಟ ಚಿತ್ರದಲ್ಲಿರೋರ ತಲೆಗೆ ಸರಿಯಾಗಿದ್ರೆ, ಹತ್ತಿರದವರು, ದೂರದವರು, ಎಲ್ಲರ ತಲೆಯೂ ಒಂದೇ ಗೆರೆಯಲ್ಲಿ ಬರತ್ತೆ. ನೋಡೋಕೆ ಅಚ್ಚುಕಟ್ಟು. ನಾವೂ ಅವರೂ ಒಂದೇ ನೆಲದ ಮೇಲೆ ನಿಂತ ಹಾಗೆ.

ಮಾಂತೆನ್ಯಾ ಮುಂದಿದ್ದ ಗೋಡೆ ಬೇರೆ ಥರದ್ದು. ಸಂತ ಯಾಕೋಬನ ಕಥೆ ಮೂರು ಸಾಲಿನಲ್ಲಿ, ಒಂದರ ಮೇಲೊಂದು. ತೀರಾ ಕೆಳಗಿನ ಸಾಲು ಕೂಡ ನೋಡುವವರ ತಲೆಗಿಂತ ಮೇಲೆ. ಆ ಸಾಲಿನ ಒಂದು ಚಿತ್ರದಲ್ಲಿ ಯಾಕೋಬನನ್ನ ಮರಣದಂಡನೆಗೆ ಕರಕೊಂಡು ಹೋಗ್ತಾ ಇದ್ದಾರೆ. ದಾರಿಯಲ್ಲಿ ಒಬ್ಬ ಮಂಡಿಯೂರಿದ್ದಾನೆ, ಸಂತ ನಿಂತು ಅವನನ್ನ ಹರಸ್ತಾನೆ. ಪಕ್ಕದ ಸೈನಿಕ ಅಚ್ಚರಿಯಿಂದ ಕೈ ಎತ್ತಿದ್ದಾನೆ. ಇಲ್ಲಿ ಮಾಂತೆನ್ಯಾ ಕಣ್ಣಿನ ಮಟ್ಟವನ್ನ ಚಿತ್ರದ ಕೆಳ ಅಂಚಿಗಿಂತಲೂ ಕೆಳಗೆ ಇಟ್ಟ. ಚಿತ್ರದಿಂದಲೇ ಆಚೆಗೆ!

ಇದರಿಂದ ಏನಾಗತ್ತೆ ನೋಡಿ. ರಂಗಮಂಟಪದ ಮುಂದಿನ ಸಾಲಿನಲ್ಲಿ, ತೀರಾ ತಗ್ಗಿನಲ್ಲಿ ಕೂತು ನಾಟಕ ನೋಡಿದವರಿಗೆ ಇದು ಗೊತ್ತಿರತ್ತೆ. ವೇದಿಕೆಯ ನೆಲ ಕಾಣಲ್ಲ. ಅಂಚಿಗೆ ಬಂದು ನಿಂತ ನಟನ ಪಾದ ಕಾಣತ್ತೆ, ಹಿಂದೆ ಸರಿದವನ ಪಾದವನ್ನ ಅಂಚು ನುಂಗಿಬಿಡತ್ತೆ. ದೂರ ಹೋದಷ್ಟೂ ತಲೆ ಕೆಳಗಿಳೀತಾ ಬರತ್ತೆ. ಪಾದುವಾದ ಗೋಡೆಯಲ್ಲೂ ಹಾಗೇ. ಮುಂದಿನವರ ಪಾದ ಚೌಕಟ್ಟಿನ ಅಂಚಿನಲ್ಲಿ, ಹಿಂದಿನವರದ್ದು ಮಾಯ. ಹಿಂದೆ ಒಂದು ರೋಮನ್ ಕಮಾನು, ಅದರ ಒಳಚಾವಣಿ ನಮ್ಮ ತಲೆ ಮೇಲೆ ಬಂದ ಹಾಗೆ ಬಿಚ್ಚಿಕೊಳ್ಳತ್ತೆ. ನೆಲ ಕಾಣದೇ ಹೋಗಿದ್ದಕ್ಕೇ ಆ ಜನರಿಗೆ ಅಷ್ಟು ಭಾರ ಬಂದಿದೆ ಅಂತ ನನಗನ್ನಿಸತ್ತೆ. ಮೆರವಣಿಗೆ ಮೇಲೆ ನಡೀತಾ ಇದೆ, ನಾವು ಚರಂಡಿ ಪಕ್ಕ ನಿಂತಿದ್ದೀವಿ.

ಹಾಗಂತ ಇವನು ಲೆಕ್ಕಕ್ಕೆ ಗುಲಾಮನಾಗಿರಲಿಲ್ಲ. ಕಟ್ಟಡಗಳ ಮೇಲೆ ತೋರಿಸಿದ ಬಿಗಿಯನ್ನ ಮುಖಗಳ ಮೇಲೆ ತೋರಿಸಿಲ್ಲ. ಎಲ್ಲರ ಗಲ್ಲದ ಅಡಿಯನ್ನೇ ಬರೆದಿದ್ರೆ ಸಂತ ಯಾರು, ಸೈನಿಕ ಯಾರು ಅಂತ ಯಾರಿಗೂ ತಿಳೀತಿರಲಿಲ್ಲ. ಇನ್ನೂ ಒಂದು ವಿಚಿತ್ರ. ಇದಕ್ಕಿಂತ ಮೇಲಿನ ಸಾಲನ್ನ ನಾವು ಕತ್ತು ಇನ್ನಷ್ಟು ಎತ್ತಿ ನೋಡಬೇಕು, ಅಲ್ವಾ? ಅಲ್ಲಿ ಲೋ ಆಂಗಲ್ ಇನ್ನೂ ಜಾಸ್ತಿ ಇರಬೇಕಿತ್ತು. ಆದರೆ ಮಧ್ಯದ ಸಾಲಿನಲ್ಲಿ ಚೌಕಳಿ ನೆಲಹಾಸು ಆರಾಮಾಗಿ ಕಾಣತ್ತೆ. ಆಂಗಲ್ ಅವನಿಗೆ ನಿಯಮವಲ್ಲ, ಆಯ್ಕೆ. ಎಲ್ಲಿ ಬೇಕೋ ಅಲ್ಲಿ ಬಳಸಿದ.

ಈಗ ನನ್ನಂಥ ಕಾಮರ್ಸ್ ಓದಿದವರಿಗೆ ಇಷ್ಟ ಆಗೋ ಭಾಗ. 1457ರಲ್ಲಿ ಕೆಲಸ ಮಾಡಿಸಿದ ಮನೆಯ ವಿಧವೆ, ಇಂಪೆರಾತ್ರಿಚೆ ಒವೆತಾರಿ, ಕಾನೂನಿನ ಮೊರೆ ಹೋದರು. ದೂರು ಏನು? ಬಲಿಪೀಠದ ಹಿಂದಿನ ಗೋಡೆಯಲ್ಲಿ ಮೇರಿಮಾತೆ ಸ್ವರ್ಗಕ್ಕೆ ಏರೋ ಚಿತ್ರ ಇದೆ. ಕೆಳಗೆ ನಿಂತು ನೋಡೋ ಯೇಸುವಿನ ಶಿಷ್ಯರು 12 ಜನ ಇರಬೇಕಿತ್ತು, ಈತ 8 ಜನರನ್ನಷ್ಟೇ ಬರೆದಿದ್ದಾನೆ! ಸಾಮಾನು ಎಣಿಸಿ ತಗೊಳ್ಳೋ ಗಿರಾಕಿಯ ಮಾತು ಇದು, ತಪ್ಪೇನಿಲ್ಲ. ಜಾಗ ಇಕ್ಕಟ್ಟು ಅನ್ನೋದು ಮಾಂತೆನ್ಯಾ ಪರವಾಗಿ ಬಂದ ವಾದ. ಗೋಡೆ ನಿಜಕ್ಕೂ ಕಿರಿದು, ಎತ್ತರ. ಕತ್ತು ಹಿಂದಕ್ಕೆ ಚಾಚಿ ಮೇಲೆ ನೋಡೋ ಮೈಗಳು ಅವು, ಒಬ್ಬನಂತೂ ಚೌಕಟ್ಟಿನ ಕಂಬವನ್ನೇ ತಬ್ಬಿ ನಿಂತಿದ್ದಾನೆ. ಇನ್ನೂ 4 ಜನರನ್ನ ತುರುಕಿದ್ರೆ ಸಂಜೆ ಸಿಟಿ ಬಸ್ಸಿನ ಹಾಗೆ ಆಗ್ತಿತ್ತು.

ಮುಂದೆ ಮಾಂತುವಾ ಊರಿನ ದೊರೆಯ ಆಸ್ಥಾನಕ್ಕೆ ಹೋದ ಮೇಲೆ ಇವನು ಅರಮನೆಯ ಒಂದು ಕೋಣೆಯ ಚಾವಣಿಯಲ್ಲೇ ದುಂಡಗೆ ಆಕಾಶ ತೆರೆದ. 1474ರಲ್ಲಿ ಮುಗಿದ ಕೆಲಸ. ಕಟ್ಟೆಯ ಒಳಅಂಚಿನ ಮೇಲೆ ಕಾಲಿಟ್ಟು ನಿಂತ ರೆಕ್ಕೆಯ ಮಕ್ಕಳನ್ನ ನೇರ ಕೆಳಗಿನಿಂದ ನೋಡಿದಂತೆ ಬರೆದಿದ್ದಾನೆ. ಅಂಗಾಲು, ಹೊಟ್ಟೆ, ಅದರ ಮೇಲೆ ಪುಟ್ಟ ತಲೆ. ಇದಾದ ಸುಮಾರು 50 ವರ್ಷಕ್ಕೆ ಪಾರ್ಮಾ ಊರಿನಲ್ಲಿ ಕೊರೆಜ್ಜೋ ಅನ್ನೋ ಕಲಾವಿದ ಇಡೀ ಚರ್ಚಿನ ಗುಮ್ಮಟವನ್ನೇ ಇಂಥ ಮೈಗಳಿಂದ ತುಂಬಿಸಿದಾಗ, ಇದೇನು ಕಪ್ಪೆಕಾಲಿನ ಸಾರಾ ಅಂತ ಪಾದ್ರಿಯೊಬ್ಬ ಗೊಣಗಿದ ಅನ್ನೋ ಕಥೆ ಇದೆ.

ಮಾಂತೆನ್ಯಾ ಹೆಸರು ಕೇಳಿದ್ರೆ ಹೆಚ್ಚಿನವರಿಗೆ ನೆನಪಾಗೋದು ಮಿಲಾನ್‌ನ ಬ್ರೆರಾ ಮ್ಯೂಸಿಯಂನಲ್ಲಿರೋ ಯೇಸುವಿನ ಶವದ ಚಿತ್ರ. 68 ಸೆಂ.ಮೀ. ಎತ್ತರ, 81 ಅಗಲ. ಅಂಗಾಲುಗಳು ನಮ್ಮ ಮುಖಕ್ಕೇ. ಫೋನ್ ಲೆಕ್ಕದಲ್ಲಿ ಆ ಪಾದ ದೈತ್ಯಾಕಾರ ಇರಬೇಕಿತ್ತು. ಅವನು ಪಾದ ಚಿಕ್ಕದು ಮಾಡಿ, ತಲೆ ದೊಡ್ಡದು ಮಾಡಿದ. ಇಲ್ಲಾಂದ್ರೆ ಪಾದದ ಹಿಂದೆ ಮುಖವೇ ಅಡಗಿಹೋಗ್ತಿತ್ತು. 1506ರಲ್ಲಿ ಅವನು ಸತ್ತಾಗ ಈ ಚಿತ್ರ ಅವನ ಬಳಿಯೇ ಇತ್ತು.

ಮತ್ತೆ ಪಾದುವಾಗೆ ಬರೋಣ. 1944ರ ಮಾರ್ಚ್ 11, ಎರಡನೇ ಮಹಾಯುದ್ಧ. ಮಿತ್ರರಾಷ್ಟ್ರಗಳ ವಿಮಾನಗಳು ಹಾಕಿದ ಬಾಂಬ್ ಎರೆಮಿತಾನಿ ಚರ್ಚಿಗೆ ಬಿತ್ತು. ಯಾಕೋಬನ ಗೋಡೆ ಪುಡಿಯಾಯ್ತು. ಪಕ್ಕದಲ್ಲೇ ಇರೋ, ಜೊತ್ತೋನ ಚಿತ್ರಗಳ ಸ್ಕ್ರೊವೆಗ್ನಿ ಚಾಪೆಲ್ ಉಳೀತು. ಅವಶೇಷದಿಂದ ಆರಿಸಿಟ್ಟ ಚೂರುಗಳು ಸುಮಾರು 88,000. ಎಷ್ಟೋ ಚೂರು ನಾಣ್ಯದಷ್ಟು. ದಶಕಗಳ ಕಾಲ ಹಾಗೇ ಇದ್ದವು. ಆಮೇಲೆ ಪಾದುವಾ ವಿಶ್ವವಿದ್ಯಾಲಯದವರು ಗಣಿತ, ಕಂಪ್ಯೂಟರ್ ಬಳಸಿ, ಯುದ್ಧಕ್ಕೆ ಮುಂಚಿನ ಕಪ್ಪು-ಬಿಳುಪು ಫೋಟೋಗಳ ಜೊತೆ ಒಂದೊಂದೇ ಚೂರನ್ನ ಹೊಂದಿಸಿದರು. 2006ರಲ್ಲಿ ಗೋಡೆ ಮತ್ತೆ ಜನರಿಗೆ ತೆರೀತು. ಈಗ ಅಲ್ಲಿರೋದು ಹಳೆ ಫೋಟೋದ ಬೂದು ಬಣ್ಣ, ನಡುವೆ ಅಲ್ಲಲ್ಲಿ ನಿಜವಾದ ಬಣ್ಣದ ತುಣುಕು. ಒಂದು ಕಡೆ ಬೆರಳು, ಒಂದು ಕಡೆ ಕಮಾನಿನ ಮೂಲೆ. ಕಣ್ಣಿನ ಮಟ್ಟ ಮಾತ್ರ ಹಾಗೇ ಇದೆ, ಇವತ್ತಿಗೂ ಆ ಮೆರವಣಿಗೆಯನ್ನ ತಗ್ಗಿನಿಂದಲೇ ನೋಡಬೇಕು.

ಕೋರ್ಟಿಗೆ ಹೋದ ಆ ಮೇರಿಮಾತೆಯ ಚಿತ್ರ ಏನಾಯ್ತು ಅಂತೀರಾ? 19ನೇ ಶತಮಾನದಲ್ಲೇ ಅದನ್ನ ಗೋಡೆಯಿಂದ ಬಿಡಿಸಿ ತೆಗೆದಿದ್ದರು. ಬಾಂಬ್ ಬಿದ್ದ ದಿನ ಅದು ಬೇರೆ ಕಡೆ ಇತ್ತು. ಸವೆದಿದೆ, ಬಣ್ಣ ಮಂಕಾಗಿದೆ, ಆದರೂ ಉಳಿದಿದೆ. ಪಾದುವಾಗೆ ಹೋದ್ರೆ ನೀವೇ ಎಣಿಸಬಹುದು, 8 ಜನ.