ಹಿತ್ತಿಲ ಬಾಗಿಲೂ ಮುಚ್ಚಿದ ರಾತ್ರಿ

2021ರ ಅಕ್ಟೋಬರ್ 4, ಸೋಮವಾರ ರಾತ್ರಿ ನೆನಪಿದೆಯಾ? ವಾಟ್ಸಾಪ್ ನಿಂತುಹೋಗಿತ್ತು, ನಾನಂತೂ ನಮ್ಮನೆ ವೈಫೈಗೆ ಬೈತಾ ಕೂತಿದ್ದೆ.

ನೆಟ್‌ವರ್ಕ್ ಬಿದ್ದರೂ ಸರ್ವರ್‌ನ ಕನ್ಸೋಲ್ ಮುಟ್ಟೋಕೆ ಹಿತ್ತಿಲ ಬಾಗಿಲೊಂದು ಇರುತ್ತೆ. ಮೊದಲೆಲ್ಲ ಅದು ಸೀರಿಯಲ್ ಪೋರ್ಟ್‌ಗೆ ಸಿಕ್ಕಿಸಿದ ಮೋಡೆಮ್; ಫೋನ್ ಲೈನ್‌ನಲ್ಲಿ ಡಯಲ್ ಮಾಡಿ ಒಳಗೆ ಹೋಗೋದು. 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ ಐಪಿಎಂಐ ಎಂಬ ಮಾನದಂಡ ತಂದವು. ಮದರ್‌ಬೋರ್ಡ್ ಮೇಲೇ ಒಂದು ಪುಟಾಣಿ ಕಂಪ್ಯೂಟರ್. ಸರ್ವರ್ ಆಫ್ ಆಗಿದ್ರೂ ಇದಕ್ಕೆ ನಿದ್ದೆಯಿಲ್ಲ. ದೂರದಿಂದಲೇ ಪವರ್ ಆನ್ ಮಾಡಬಹುದು.

ಆ ರಾತ್ರಿ ಫೇಸ್‌ಬುಕ್‌ನಲ್ಲಿ ಮುಖ್ಯ ನೆಟ್‌ವರ್ಕ್ ಜೊತೆ ಹಿತ್ತಿಲ ದಾರಿಯೂ ಬಿದ್ದಿತ್ತು. ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರ್‌ಗೆ ಹೋಗಬೇಕಾಯ್ತು. ಅಲ್ಲಿ ಭದ್ರತೆ ಎಷ್ಟು ಬಿಗಿ ಅಂದ್ರೆ, ಅವರೇ ಒಳಗೆ ಹೋಗೋಕೆ ಹೊತ್ತು ಹಿಡೀತು. ನಮಗೆ ಮೆಸೇಜ್ ಬರೋ ಹೊತ್ತಿಗೆ ಬೆಳಗಿನ ಜಾವ.