ಡಿಫೆನ್ಸ್ ಬೇಸ್ ಆಕ್ಟ್

ಡಿಫೆನ್ಸ್ ಬೇಸ್ ಆಕ್ಟ್ (ರಕ್ಷಣಾ ನೆಲೆಗಳ ಕಾಯಿದೆ) ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಕಾರ್ಮಿಕ ಪರಿಹಾರ ಕಾನೂನು. ಅಮೆರಿಕ ಸರ್ಕಾರದ ಗುತ್ತಿಗೆಗಳ ಅಡಿಯಲ್ಲಿ ಹೊರದೇಶಗಳಲ್ಲಿ ದುಡಿಯುವ ನಾಗರಿಕ ನೌಕರರು ಗಾಯಗೊಂಡರೆ ಅಥವಾ ಮರಣ ಹೊಂದಿದರೆ ಪರಿಹಾರ ನೀಡುವುದು ಇದರ ಉದ್ದೇಶ. ಕಾರ್ಮಿಕನು ಯಾವ ದೇಶದ ಪ್ರಜೆಯಾಗಿದ್ದರೂ ಇದು ಅನ್ವಯಿಸುತ್ತದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ಆರಂಭದಲ್ಲಿ ಅಮೆರಿಕವು ಇತರ ದೇಶಗಳಿಂದ ಸೇನಾ ನೆಲೆಗಳನ್ನು ಪಡೆದುಕೊಂಡಿತು. ಅಲ್ಲಿ ನಿರ್ಮಾಣ ಕಾರ್ಯಕ್ಕೆ ತೆರಳಿದ ಗುತ್ತಿಗೆದಾರರ ನೌಕರರಿಗಾಗಿ 1941ರ ಆಗಸ್ಟ್ 16ರಂದು ಈ ಕಾಯಿದೆ ಜಾರಿಗೆ ಬಂದಿತು. ಇದು ಬಂದರು ಕಾರ್ಮಿಕರಿಗಾಗಿ 1927ರಲ್ಲಿ ರೂಪಿಸಲಾದ ಪರಿಹಾರ ಕಾಯಿದೆಯ ವಿಸ್ತರಣೆ. 1942ರ ಯುದ್ಧಾಪಾಯ ಪರಿಹಾರ ಕಾಯಿದೆಯು ಇದಕ್ಕೆ ಪೂರಕವಾಗಿದ್ದು, ಯುದ್ಧಕೃತ್ಯದಿಂದಾದ ಗಾಯ ಅಥವಾ ಸಾವಿಗೆ ವಿಮಾ ಕಂಪನಿ ಪಾವತಿಸಿದ ಮೊತ್ತವನ್ನು ಸರ್ಕಾರವು ಮರುಪಾವತಿ ಮಾಡಲು ಅವಕಾಶ ನೀಡುತ್ತದೆ.

ವ್ಯಾಪ್ತಿ

ಹೊರದೇಶಗಳಲ್ಲಿರುವ ಅಮೆರಿಕದ ಸೇನಾ ನೆಲೆಗಳಲ್ಲಿನ ಕೆಲಸ, ಸರ್ಕಾರಿ ಗುತ್ತಿಗೆಯ ಕಾಮಗಾರಿಗಳು ಮತ್ತು ಅವುಗಳಿಗೆ ಸಂಬಂಧಿಸಿದ ಸೇವೆಗಳು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅಡುಗೆಯವರು, ಚಾಲಕರು, ಕಾವಲುಗಾರರು, ಅನುವಾದಕರು ಹಾಗೂ ಉಪಗುತ್ತಿಗೆದಾರರ ನೌಕರರೂ ಇದರಲ್ಲಿ ಸೇರುತ್ತಾರೆ. ಗುತ್ತಿಗೆದಾರರು ವಿಮೆ ಮಾಡಿಸುವುದು ಕಡ್ಡಾಯ. ಮಾಡಿಸದವರಿಗೆ ದಂಡ ಮತ್ತು ಸೆರೆವಾಸ ವಿಧಿಸಬಹುದು.

ಪರಿಹಾರ

ನೌಕರನು ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ, ವಿಮೆ ಮಾಡಿಸಿದ ಮಾಲೀಕನ ವಿರುದ್ಧ ಅವನು ಸಾಮಾನ್ಯವಾಗಿ ಪ್ರತ್ಯೇಕ ನಷ್ಟಭರ್ತಿ ದಾವೆ ಹೂಡುವಂತಿಲ್ಲ. ಗಾಯಕ್ಕೆ ಅಗತ್ಯವಾದ ವೈದ್ಯಕೀಯ ವೆಚ್ಚ ದೊರೆಯುತ್ತದೆ. ಸಂಪೂರ್ಣ ಅಂಗವೈಕಲ್ಯ ಉಂಟಾದರೆ, ಕಾನೂನಿನ ಗರಿಷ್ಠ ಮಿತಿಗೆ ಒಳಪಟ್ಟು, ಸರಾಸರಿ ವಾರದ ವೇತನದ ಮೂರರಲ್ಲಿ ಎರಡು ಭಾಗ ಸಲ್ಲುತ್ತದೆ. ನೌಕರನು ಮೃತಪಟ್ಟಾಗ ಪತ್ನಿ ಅಥವಾ ಪತಿ ಮಾತ್ರ ಉಳಿದಿದ್ದರೆ ವೇತನದ ಅರ್ಧ ಭಾಗ, ಮಕ್ಕಳೂ ಇದ್ದರೆ ಮೂರರಲ್ಲಿ ಎರಡು ಭಾಗ ನೀಡಲಾಗುತ್ತದೆ.

ವಿಶೇಷ ಅಪಾಯದ ವಲಯ

ಗುವಾಮ್ ದ್ವೀಪದಲ್ಲಿ ಗುತ್ತಿಗೆದಾರನೊಬ್ಬನ ನೌಕರನು ಬಿಡುವಿನ ವೇಳೆಯಲ್ಲಿ, ಸಮುದ್ರದಲ್ಲಿ ಸಿಲುಕಿದ್ದ ಇಬ್ಬರನ್ನು ರಕ್ಷಿಸಲು ಹೋಗಿ ಮುಳುಗಿ ಸತ್ತನು. ಅವನ ತಾಯಿಗೆ ಪರಿಹಾರ ಸಲ್ಲಬೇಕೆಂಬ ಆದೇಶವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1951ರಲ್ಲಿ ಎತ್ತಿಹಿಡಿಯಿತು. ಉದ್ಯೋಗದ ಪರಿಸ್ಥಿತಿಯೇ ನೌಕರನನ್ನು ವಿಶೇಷ ಅಪಾಯದ ವಲಯದಲ್ಲಿ ಇರಿಸಿದ್ದರೆ, ಗಾಯವಾದ ಕ್ಷಣದಲ್ಲಿ ಅವನು ಕೆಲಸ ಮಾಡುತ್ತಿರಲೇಬೇಕೆಂದಿಲ್ಲ ಎಂಬುದು ಈ ತೀರ್ಪಿನ ಸಾರ.

ವಿದೇಶಿ ಕಾರ್ಮಿಕರು

ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಭಾರತ, ನೇಪಾಳ, ಫಿಲಿಪ್ಪೀನ್ಸ್ ಮೊದಲಾದ ದೇಶಗಳ ಕಾರ್ಮಿಕರು ಅಮೆರಿಕದ ನೆಲೆಗಳಲ್ಲಿ ದುಡಿದರು. 2004ರ ಆಗಸ್ಟ್‌ನಲ್ಲಿ ಇರಾಕ್‌ನಲ್ಲಿ ಉಗ್ರರು 12 ಮಂದಿ ನೇಪಾಳಿ ಕಾರ್ಮಿಕರನ್ನು ಅಪಹರಿಸಿ ಕೊಂದರು. ಅವರ ಕುಟುಂಬಗಳ ಪರವಾಗಿ ಇದೇ ಕಾಯಿದೆಯಡಿ ಪರಿಹಾರ ಕೋರಲಾಯಿತು.

ಪರಿಹಾರದ ದರ ಎಲ್ಲರಿಗೂ ಒಂದೇ ಆದರೂ ಎರಡು ವ್ಯತ್ಯಾಸಗಳಿವೆ. ಅಮೆರಿಕದ ನಿವಾಸಿಗಳಲ್ಲದ ವಿದೇಶಿಯರಿಗೆ ಸಲ್ಲಬೇಕಾದ ಮುಂದಿನ ಕಂತುಗಳನ್ನು ಒಂದೇ ಗಂಟಾಗಿ ಪರಿವರ್ತಿಸಿ, ಆ ಮೊತ್ತದ ಅರ್ಧವನ್ನು ಮಾತ್ರ ನೀಡಿ ಮುಕ್ತಾಯಗೊಳಿಸಲು ಅವಕಾಶವಿದೆ. ಹೊರದೇಶದಲ್ಲಿರುವ ಅವಲಂಬಿತರ ಪೈಕಿ ಸಂಗಾತಿ ಮತ್ತು ಮಕ್ಕಳಿಗೆ ಮಾತ್ರ ಹಕ್ಕಿದೆ. ಅವರಿಲ್ಲದಿದ್ದರೆ, ಗಾಯಕ್ಕೆ ಮುಂಚಿನ ಒಂದು ವರ್ಷ ನೌಕರನ ಆಸರೆಯಲ್ಲಿದ್ದ ತಂದೆ ತಾಯಿಗೆ ಸಲ್ಲುತ್ತದೆ.

ಕಾಲಮಿತಿ ಮತ್ತು ವಿಚಾರಣೆ

ಗಾಯವಾದ 30 ದಿನಗಳೊಳಗೆ ಮಾಲೀಕನಿಗೆ ಲಿಖಿತ ಸೂಚನೆ ನೀಡಬೇಕು. ಪರಿಹಾರದ ಅರ್ಜಿಯನ್ನು ಸಾಮಾನ್ಯವಾಗಿ ಒಂದು ವರ್ಷದೊಳಗೆ ಸಲ್ಲಿಸಬೇಕು. ಪರಿಹಾರ ಪಾವತಿ ಆರಂಭವಾಗಿದ್ದರೆ ಕೊನೆಯ ಪಾವತಿಯಿಂದ ಈ ವರ್ಷವನ್ನು ಎಣಿಸಲಾಗುತ್ತದೆ. ಊರಿಗೆ ಮರಳಿದ ಕಾರ್ಮಿಕರಿಗೆ ಮತ್ತು ಮೃತರ ಕುಟುಂಬಗಳಿಗೆ ಕಾಯಿದೆಯ ಅರಿವಿಲ್ಲದಿದ್ದರೆ ಈ ಅವಧಿ ಮೀರಿಹೋಗುವ ಸಂಭವವಿದೆ. ಅಮೆರಿಕದ ಕಾರ್ಮಿಕ ಇಲಾಖೆಯು ಕಾಯಿದೆಯ ಆಡಳಿತವನ್ನು ನೋಡಿಕೊಳ್ಳುತ್ತದೆ. ವಿವಾದಗಳು ಮೊದಲು ಇಲಾಖೆಯ ಜಿಲ್ಲಾ ನಿರ್ದೇಶಕರ ಮುಂದೆ, ಬಳಿಕ ಆಡಳಿತ ಕಾನೂನು ನ್ಯಾಯಾಧೀಶರ ಮುಂದೆ ವಿಚಾರಣೆಗೆ ಬರುತ್ತವೆ.