ದೇವಕೃಪೆಯೂ ಮಾನವನ ಹೊಣೆಯೂ: ಕನ್ನಡ ಕ್ರೈಸ್ತ ಚಿಂತನೆಯ ಒಂದು ಸಮೀಕ್ಷೆ

ಮುಕ್ತಿಯು ಕೇವಲ ಈಶ್ವರಕೃಪೆಯಿಂದ ಲಭಿಸತಕ್ಕದ್ದೋ, ಅಥವಾ ಅದರಲ್ಲಿ ಮಾನವನ ಪ್ರಯತ್ನಕ್ಕೂ ಪಾಲುಂಟೋ ಎಂಬ ಜಿಜ್ಞಾಸೆಯು ಈ ನೆಲಕ್ಕೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಶಿವಕಾರುಣ್ಯವನ್ನೂ ಕಾಯಕವನ್ನೂ ಬೇರ್ಪಡಿಸದೆ ಬೋಧಿಸಿದರು. ಶ್ರೀವೈಷ್ಣವರು ಮಾರ್ಜಾಲಕಿಶೋರ, ಮರ್ಕಟಕಿಶೋರ ನ್ಯಾಯಗಳನ್ನು ಹಿಡಿದು ಎರಡು ಪಂಥಗಳಾದರು. ಮಧ್ವಾಚಾರ್ಯರು ಜೀವರ ಸ್ವರೂಪದಲ್ಲಿಯೇ ತಾರತಮ್ಯವನ್ನು ಪ್ರತಿಪಾದಿಸಿದರು. ಆದುದರಿಂದ ಬಸವಕಲ್ಯಾಣ, ಹುಮನಾಬಾದ್, ಹುಡಗಿಗಳ ಈ ಸೀಮೆಯಲ್ಲಿ ಕ್ರೈಸ್ತಬೋಧಕರು ರಕ್ಷಣೆಯ ವಿಷಯವನ್ನೆತ್ತಿದಾಗ, ಕೇಳಿದವರ ನಾಡಿನಲ್ಲಿ ಆ ಪ್ರಶ್ನೆಗೆ ದೀರ್ಘವಾದ ಪೂರ್ವಚರಿತ್ರೆಯಿದ್ದಿತು.

ಪಾಶ್ಚಾತ್ಯ ಸಭೆಗಳಲ್ಲಿ ಈ ವಾದವು ಐದನೆಯ ಶತಮಾನದಷ್ಟು ಹಳೆಯದು. ಸ್ವಪ್ರಯತ್ನದ ಸಾಮರ್ಥ್ಯವನ್ನು ಎತ್ತಿಹಿಡಿದ ಪೆಲಾಗಿಯಸನನ್ನು ಆಗಸ್ಟೀನನು ವಿರೋಧಿಸಿದನು. 418ರಲ್ಲಿ ಕಾರ್ಥೇಜಿನ ಸಭೆಯು ಆಗಸ್ಟೀನನ ಪಕ್ಷವನ್ನೇ ವಹಿಸಿತು. ಸಾವಿರ ವರ್ಷಗಳ ತರುವಾಯ, 1525ರಲ್ಲಿ, ಲೂಥರನು ಇರಾಸ್ಮಸನಿಗೆ ಉತ್ತರವಾಗಿ ಮಾನವೇಚ್ಛೆಯ ಬಂಧನವನ್ನು ಕುರಿತು ಬರೆದನು. ಕಾಲ್ವಿನನು ದೇವರ ಪೂರ್ವನಿರ್ಣಯವನ್ನು ಕ್ರಮಬದ್ಧ ಸಿದ್ಧಾಂತವನ್ನಾಗಿಸಿದನು. ಅದನ್ನು ಪ್ರಶ್ನಿಸಿದ ಆರ್ಮೀನಿಯಸನ ಅನುಯಾಯಿಗಳನ್ನು ಡಾರ್ಟಿನ ಸಭೆಯು 1619ರಲ್ಲಿ ಖಂಡಿಸಿತಾದರೂ, ಅವರ ಪಕ್ಷವೇ ಮುಂದಿನ ಶತಮಾನದಲ್ಲಿ ಜಾನ್ ವೆಸ್ಲಿಯ ವಾಣಿಯಲ್ಲಿ ಪುನರುಜ್ಜೀವಿಸಿತು.

ಕನ್ನಡನಾಡಿಗೆ ಈ ಪಕ್ಷಗಳೆಲ್ಲವೂ ಬಂದವು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸರ ಲಂಡನ್ ಮಿಷನ್ನಿಗೆ ಕಾಲ್ವಿನನ ಪರಂಪರೆಯಿದ್ದಿತು. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಲೂಥರನ, ಕಾಲ್ವಿನನ ಅನುಯಾಯಿಗಳಿಬ್ಬರನ್ನೂ ಒಳಗೊಂಡಿದ್ದಿತು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ನರು ದುಡಿದರು.

ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ ಪ್ರಾಂತಕ್ಕೆ ಬಂದವರು ಅಮೆರಿಕದ ಮೆಥೊಡಿಸ್ಟರು. ಪತಿತನಾದ ಮಾನವನು ತಾನಾಗಿ ದೇವರತ್ತ ತಿರುಗಲಾರನು. ಆದರೆ ಅವನಿಗಿಂತ ಮುಂಚೆಯೇ ನಡೆದುಬರುವ ಕೃಪೆಯು ಅವನಲ್ಲಿ ಉತ್ತರಕೊಡುವ ಶಕ್ತಿಯನ್ನು ಎಚ್ಚರಿಸುತ್ತದೆ. ಆ ಕೃಪೆಯನ್ನು ಅಂಗೀಕರಿಸುವುದೂ ತಿರಸ್ಕರಿಸುವುದೂ ಅವನ ಹೊಣೆಯೇ ಎಂಬುದು ಅವರು ತಂದ ವೆಸ್ಲಿಯ ಬೋಧೆ. ಈ ಬೋಧೆಯು ಒಬ್ಬೊಬ್ಬನ ಅಂತಃಕರಣವನ್ನು ಉದ್ದೇಶಿಸಿದ್ದಿತು. ಹಳ್ಳಿಗಳಲ್ಲಿಯಾದರೋ, ಶತಮಾನಗಳಿಂದ ಅಸ್ಪೃಶ್ಯತೆಯ ಭಾರವನ್ನು ಹೊತ್ತಿದ್ದ ಜನರು ಹಿರಿಯರೊಡನೆ ಕುಳಿತು ಸಮಾಲೋಚಿಸಿ, ಮನೆತನ ಮನೆತನಗಳಾಗಿಯೇ ದೀಕ್ಷಾಸ್ನಾನ ಹೊಂದಿದರು. ಇಂಥ ವಿಶ್ವಾಸವು ನಿಜವಾದ ವಿಶ್ವಾಸವೇ ಎಂದು ಅನೇಕರು ಶಂಕಿಸಿದರು. ಮೆಥೊಡಿಸ್ಟ್ ಮಿಷನರಿ ವಾಸ್ಕಮ್ ಪಿಕೆಟ್ಟರು ಭಾರತದ ಸಾಮೂಹಿಕ ಮತಾಂತರಗಳನ್ನು ಪರಿಶೋಧಿಸಿ 1933ರಲ್ಲಿ ಪ್ರಕಟಿಸಿದ ಗ್ರಂಥವು ಈ ಶಂಕೆಯನ್ನೇ ಎದುರಿಸಿ, ಸಮುದಾಯದ ನಿರ್ಧಾರದಲ್ಲಿಯೂ ಸತ್ಯನಿಷ್ಠೆ ಸಾಧ್ಯವೆಂದು ವಾದಿಸಿತು. ನನ್ನ ಮತದಲ್ಲಿ ಈ ಚರ್ಚೆಗೆ ಭಾರತವು ನೀಡಿದ ಮಹತ್ತ್ವದ ಕಾಣಿಕೆ ಇದೇ: ಊರಿನ ನಿಂದೆಯನ್ನೂ ಕೂಲಿ ತಪ್ಪುವ ಭಯವನ್ನೂ ಒಟ್ಟಾಗಿ ಎದುರಿಸಿದವರ ಹೊಣೆಗಾರಿಕೆಯು ಏಕಾಂತದಲ್ಲಿ ಮೊಣಕಾಲೂರಿದವನ ಹೊಣೆಗಾರಿಕೆಗಿಂತ ಕಡಿಮೆಯದೆಂದು ಎಣಿಸಲು ಯಾವ ಆಧಾರವೂ ಇಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ರಕ್ಷಣೆಗಾಗಿ ದುಡಿಯಿರೆಂದೂ ಒಳಗೆ ದುಡಿಯುವಾತನು ದೇವರೇ ಎಂದೂ ಪೌಲನು ಜೊತೆಜೊತೆಯಾಗಿ ಹೇಳಿದ್ದು ಒಬ್ಬನಿಗಲ್ಲ, ಒಂದು ಸಭೆಗೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ, ವೆಸ್ಲಿಯ ಮತ್ತು ಕಾಲ್ವಿನನ ವಾರಸುದಾರರು ಪೂರ್ವನಿರ್ಣಯದ ವಾದವನ್ನು ಅಡ್ಡಿಯಾಗಿಸಿಕೊಳ್ಳದೆ ಒಂದಾದರು. ಬೀದರ ಸೀಮೆಯ ಮೆಥೊಡಿಸ್ಟರು ಆ ಐಕ್ಯದಿಂದ ಹೊರಗುಳಿದು, 1981ರಲ್ಲಿ ಸ್ವಾಯತ್ತವಾದ ಭಾರತದ ಮೆಥೊಡಿಸ್ಟ್ ಸಭೆಯ ಅಂಗವಾದರು. ಇಲ್ಲಿನ ದೇವಜ್ಞಾನದ ವಿದ್ಯಾರ್ಥಿಗಳು ಡಾರ್ಟಿನ ನಿರ್ಣಯಗಳನ್ನು ಓದುವಷ್ಟೇ ಶ್ರದ್ಧೆಯಿಂದ ತಮ್ಮ ಕೇರಿಗಳ ಹಿರಿಯರ ಸಾಕ್ಷ್ಯಗಳನ್ನು ಬರೆದಿಡಬೇಕು. ಅವುಗಳನ್ನು ಕಲ್ಯಾಣದ ಶರಣಚಿಂತನೆಯೊಡನೆ ಇಟ್ಟು ಪರಿಶೀಲಿಸುವ ಕಾರ್ಯವನ್ನು ಅವರೇ ಕೈಗೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.